ರಾತ್ರಿಯಿಡೀ ಓಡಬೇಕಾದ ಕ್ಯಾಮೆರಾ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮದುವೆ ವಿಡಿಯೋಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಹಳ ಚೆಂದವಾಗಿವೆ, ಜೊತೆಗೆ ಮೂಕವೂ ಆಗಿವೆ. ಮದುಮಗಳ ಕಣ್ಣಿನ ಕಾಡಿಗೆ, ಧಾರೆ ನೀರಿನ ಹನಿ, ಬೆನ್ನ ಹಿಂದೆ ಮಸುಕಾಗಿ ಕರಗುವ ಸೀರಿಯಲ್ ಸೆಟ್ಟಿನ ಬೆಳಕು ಎಲ್ಲವೂ ಸಿನಿಮಾದಂತೆ ಕಾಣುತ್ತವೆ. ಹಸೆಗೆ ಕರೆಯುವಾಗ ಹೆಂಗಸರು ಹಾಡಿದ್ದೇನು, ಮುಯ್ಯಿ ಓದುವಾಗ ಯಾರ ಹೆಸರು ಬಂತು, ಸೋದರಮಾವ ಯಾರನ್ನು ಗದರಿದ ಎಂಬುದು ಮಾತ್ರ ಕೇಳಿಸುವುದಿಲ್ಲ. ಅವುಗಳ ಜಾಗದಲ್ಲಿ ಕನ್ನಡದ್ದೋ ತೆಲುಗಿನದ್ದೋ ಒಂದು ಸಿನಿಮಾ ಹಾಡು ಓಡುತ್ತಿರುತ್ತದೆ. ಇದಕ್ಕೆ ಜನರ ಅಭಿರುಚಿಯೇ ಕಾರಣ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸ್ಟುಡಿಯೋಗಳು ಹೆಗಲ ಮೇಲಿದ್ದ ಕ್ಯಾಮ್‌ಕಾರ್ಡರ್ ಇಳಿಸಿ ಡಿಎಸ್‌ಎಲ್‌ಆರ್ ಕೈಗೆತ್ತಿಕೊಂಡಾಗ ಉಪಕರಣದ ಜೊತೆಗೆ ನೋಡುವ ರೀತಿಯೂ ಬದಲಾಯಿತು. ಈ ಸೀಮೆಯಲ್ಲಿ ದಾಖಲಾಗಬೇಕಾದ ಬಹುಪಾಲು ಸಂಗತಿಗಳಿಗೆ ಬೇಕಾದವು ಆ ಹಳೆಯ ಕ್ಯಾಮೆರಾದ ಗುಣಗಳು ಎಂದು ನಾನು ನಂಬಿದ್ದೇನೆ.

ಹಾಗೆಂದು ಡಿಎಸ್‌ಎಲ್‌ಆರ್‌ಗೆ ಸಲ್ಲಬೇಕಾದ ಗೌರವವನ್ನು ಕಡಿಮೆ ಮಾಡಲಾರೆ. ಅದು ಹುಟ್ಟಿದ್ದು ಫೋಟೋ ತೆಗೆಯಲು. 2008ರಲ್ಲಿ ಬಂದ ನಿಕಾನ್ ಡಿ90 ಆ ಜಾತಿಯ ಕ್ಯಾಮೆರಾಗಳಲ್ಲಿ ವಿಡಿಯೋ ತೆಗೆಯಬಲ್ಲ ಮೊದಲನೆಯದು. ಅದೇ ವರ್ಷದ ಕೊನೆಗೆ ಬಂದ ಕ್ಯಾನನ್ 5ಡಿ ಮಾರ್ಕ್ 2 ಪೂರ್ಣ ಎಚ್‌ಡಿ ಗುಣಮಟ್ಟದಲ್ಲಿ ಚಿತ್ರೀಕರಿಸಿತು. ಅದರೊಳಗಿನ ಸೆನ್ಸರ್ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಮದುವೆ ಮನೆಗಳಿಗೆ ಬರುತ್ತಿದ್ದ ಸೋನಿ ಪಿಡಿ170ರಂಥ ಕ್ಯಾಮ್‌ಕಾರ್ಡರ್‌ನಲ್ಲಿ ಇದ್ದವು ಮೂರು ಪುಟ್ಟ ಸೆನ್ಸರ್‌ಗಳು, ಒಂದೊಂದೂ ಸುಮಾರು 4.8 ಮಿಲಿಮೀಟರ್‌ಗೆ 3.6 ಮಿಲಿಮೀಟರ್. ಗುಣಿಸಿ ನೋಡಿದರೆ ಒಂದಕ್ಕೊಂದು ಐವತ್ತು ಪಟ್ಟು ವ್ಯತ್ಯಾಸ. ಬೆಳಕು ಹಿಡಿಯುವ ಜಾಗ ಅಷ್ಟು ಹಿಗ್ಗಿದಾಗ ಕತ್ತಲ ಕೋಣೆಯಲ್ಲೂ ಮುಖ ತಿಳಿಯಾಗಿ ಮೂಡುತ್ತದೆ, ಮುಖದ ಹಿಂದಿನದೆಲ್ಲ ಮೆತ್ತಗೆ ಮಸುಕಾಗುತ್ತದೆ. ಅಲ್ಲಿಯವರೆಗೆ ಆ ಮಸುಕು ದೊಡ್ಡ ಬಂಡವಾಳದ ಸಿನಿಮಾದವರ ಸ್ವತ್ತಾಗಿತ್ತು. ಅಮೆರಿಕದ ‘ಹೌಸ್’ ಧಾರಾವಾಹಿಯ 2010ರ ಒಂದು ಕಂತು ಪೂರ್ತಿಯಾಗಿ ಈ ಕ್ಯಾಮೆರಾದಲ್ಲೇ ತಯಾರಾಯಿತು. ಮರುವರ್ಷ ರಾಮ್‌ಗೋಪಾಲ್ ವರ್ಮಾ ‘ದೊಂಗಲ ಮುಠಾ’ ಎಂಬ ತೆಲುಗು ಚಿತ್ರವನ್ನು ಕ್ಯಾನನ್ 5ಡಿ ಕ್ಯಾಮೆರಾಗಳನ್ನಿಟ್ಟುಕೊಂಡು ಐದೇ ದಿನಗಳಲ್ಲಿ ಮುಗಿಸಿದರು. ರಾಯದುರ್ಗದ ಗಡಿಗೆ ಅಂಟಿಕೊಂಡಿರುವ ಮೊಳಕಾಲ್ಮೂರಿನಂಥ ಊರಿಗೆ ತೆಲುಗು ಸಿನಿಮಾದ ಗಾಳಿ ಬೀಸದೆ ಇರುತ್ತದೆಯೇ? ಸಿನಿಮಾ ತೆಗೆಯುವ ಕ್ಯಾಮೆರಾವನ್ನೇ ಮದುವೆಗೂ ತರುತ್ತೇವೆ ಎಂದರೆ ಯಾರು ತಾನೇ ಬೇಡವೆನ್ನುತ್ತಾರೆ.

ಬೇಡವೆನ್ನಬಾರದಿತ್ತು ಕೂಡ. ಕ್ಯಾಮ್‌ಕಾರ್ಡರ್ ಕಾಲದಲ್ಲಿ ವಿಡಿಯೋದವರ ಹಿಂದೆ ಒಬ್ಬ ಲೈಟ್ ಹುಡುಗ ಬರಲೇಬೇಕಿತ್ತು. ಅವನು ಎತ್ತಿ ಹಿಡಿದ ಹ್ಯಾಲೊಜನ್ ದೀಪದ ಝಳಕ್ಕೆ ಮದುಮಕ್ಕಳು ಕಣ್ಣು ಕಿರಿದು ಮಾಡುತ್ತಿದ್ದರು, ಬೆವರಿಗೆ ಅರಿಸಿನ ಇಳಿಯುತ್ತಿತ್ತು, ದೀಪ ಬಿದ್ದ ಕಡೆಯ ಮಾತು ತಾನಾಗಿ ನಿಲ್ಲುತ್ತಿತ್ತು. ಸಣ್ಣ ಬೆಲೆಯ 50 ಮಿಲಿಮೀಟರ್ ಲೆನ್ಸು ಹಾಕಿದ ಡಿಎಸ್‌ಎಲ್‌ಆರ್ ಆ ಹಿಂಸೆಯನ್ನು ತಪ್ಪಿಸಿತು. ಹಟ್ಟಿಯ ಮನೆಯೊಳಗೆ, ಒಂದೇ ಬಲ್ಬಿನ ಬೆಳಕಿನಲ್ಲಿ ಅರಿಸಿನ ಅರೆಯುವ ಅಜ್ಜಿಯನ್ನು ಅವಳ ಪಾಡಿಗೆ ಬಿಟ್ಟು ಚಿತ್ರೀಕರಿಸಲು ಸಾಧ್ಯವಾಯಿತು. ಇದು ನಿಜವಾದ ಲಾಭ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗದ ಮುಂದೆ ನಿಂತರೆ ಡಿಎಸ್‌ಎಲ್‌ಆರ್ ಪರವಾಗಿ ಇನ್ನೂ ಒಂದು ಮಾತು ಹೇಳಬೇಕಾಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಸೀರೆಯ ಹೆಚ್ಚುಗಾರಿಕೆ ಇರುವುದು ಮೈ ಮತ್ತು ಅಂಚು ಕೂಡುವ ಜಾಗದಲ್ಲಿ. ಮೈಗೊಂದು ಲಾಳಿ, ಎರಡು ಬದಿಯ ಅಂಚುಗಳಿಗೆ ಒಂದೊಂದು ಲಾಳಿ, ಹೀಗೆ ಮೂರು ಲಾಳಿಗಳು ಒಂದಕ್ಕೊಂದು ಸಿಕ್ಕಿಕೊಂಡು ಸಾಗುತ್ತವೆ. ನೇಕಾರ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿರುತ್ತಾನೆ, ಬೆಳಕು ಒಂದು ಕಿಟಕಿಯಿಂದ ಬಂದಷ್ಟೇ. ಅಂಚಿನ ಎಳೆ ಮೈಯ ಎಳೆಯನ್ನು ಕೊಕ್ಕೆಯಂತೆ ಹಿಡಿಯುವ ಆ ಅರೆಗಳಿಗೆಯನ್ನು ತೋರಿಸಲು ದೊಡ್ಡ ಸೆನ್ಸರೂ ಹತ್ತಿರದಿಂದ ನೋಡುವ ಲೆನ್ಸೂ ಬೇಕು. ಇಲ್ಲಿ ಅವಸರವಿಲ್ಲ. ಲಾಳಿ ಮತ್ತೆ ಅದೇ ದಾರಿಯಲ್ಲಿ ಬರುತ್ತದೆ, ಈ ಸಲ ತಪ್ಪಿದ್ದು ಮುಂದಿನ ಸಲ ಸಿಗುತ್ತದೆ. ಬ್ರಹ್ಮಗಿರಿ, ಸಿದ್ದಾಪುರದ ಅಶೋಕನ ಶಾಸನಗಳಿಗೂ ಇದೇ ಮಾತು. ಓರೆ ಬೆಳಕು ಬಂಡೆಯ ಮೇಲೆ ಬೀಳುವವರೆಗೆ ಕಾದು, ಅಕ್ಷರದ ತಗ್ಗಿನಲ್ಲಿ ನೆರಳು ಕೂತಾಗ ಚಿತ್ರೀಕರಿಸಬಹುದು.

ಆದರೆ ಅದೇ ರೇಷ್ಮೆ ಸೀರೆಯನ್ನು ಉಟ್ಟು ಹೆಣ್ಣುಮಕ್ಕಳು ಮಂಟಪದಲ್ಲಿ ಓಡಾಡಿದರೆ, ಮೊದಮೊದಲ ಡಿಎಸ್‌ಎಲ್‌ಆರ್‌ಗಳ ದೋಷ ಅಲ್ಲೇ ಬಯಲಾಗುತ್ತಿತ್ತು. ಎರಡು ಕೋಟಿ ಚುಕ್ಕಿಗಳ ಫೋಟೋ ಸೆನ್ಸರಿನಿಂದ ಇಪ್ಪತ್ತು ಲಕ್ಷ ಚುಕ್ಕಿಗಳ ವಿಡಿಯೋ ತೆಗೆಯಲು ಆ ಕ್ಯಾಮೆರಾಗಳು ನಡುನಡುವಿನ ಸಾಲುಗಳನ್ನು ಓದದೆ ಹಾರಿಸಿಬಿಡುತ್ತಿದ್ದವು. ಸೂಕ್ಷ್ಮ ನೇಯ್ಗೆ, ಸಣ್ಣ ಚೌಕುಳಿ ಎದುರಾದರೆ ಇಲ್ಲದ ಬಣ್ಣದ ಅಲೆಗಳು ಸೀರೆಯ ಮೇಲೆ ಹರಿದಾಡುತ್ತಿದ್ದವು. 2012ರ 5ಡಿ ಮಾರ್ಕ್ 3 ಬಂದ ಮೇಲೆ ಈ ಕಾಟ ಬಹುಮಟ್ಟಿಗೆ ಇಳಿಯಿತು. ಹಳ್ಳಿ ಸ್ಟುಡಿಯೋಗಳ ಕೈಗೆಟುಕಿದ ಅಗ್ಗದ ಮಾದರಿಗಳಲ್ಲಿ ಬಹಳ ಕಾಲ ಉಳಿಯಿತು. ವಿಡಿಯೋಗೆಂದೇ ಮಾಡಿದ ಸೆನ್ಸರು ಚಿಕ್ಕದಾದರೂ ಈ ವಿಷಯದಲ್ಲಿ ನಂಬಿಕಸ್ಥ.

ಚಳ್ಳಕೆರೆ ಕಡೆಗೆ ಬಂದರೆ ವಾದದ ಮುಖ್ಯ ಭಾಗ ಶುರುವಾಗುತ್ತದೆ. ಇಲ್ಲಿನ ಕಲೆ, ಆಚರಣೆಗಳಿಗೆಲ್ಲ ಒಂದು ಸಮಾನ ಗುಣವಿದೆ. ಅವು ದೀರ್ಘ. ಬಯಲಾಟ ಶುರುವಾಗುವುದು ಊರು ಉಂಡು ಮಲಗುವ ಹೊತ್ತಿಗೆ, ಮಂಗಳ ಹಾಡುವುದು ಬೆಳ್ಳಿ ಮೂಡಿದ ಮೇಲೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿದ ಕುರುಕ್ಷೇತ್ರ ನಾಟಕದಲ್ಲಿ ಒಂದು ಕಂದ ಪದ್ಯಕ್ಕೆ ‘ಒನ್ಸ್ ಮೋರ್’ ಬಿದ್ದರೆ ದುರ್ಯೋಧನ ಅದನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಾನೆ. ಆದರೆ ಡಿ90ರಲ್ಲಿ ಎಚ್‌ಡಿ ಗುಣಮಟ್ಟದ ಒಂದು ತುಣುಕು ಐದು ನಿಮಿಷ ದಾಟುತ್ತಿರಲಿಲ್ಲ. 5ಡಿ ಮಾರ್ಕ್ 2ರಲ್ಲಿ ಫೈಲು 4 ಜಿಬಿ ಮುಟ್ಟಿದ ಕೂಡಲೇ, ಅಂದರೆ ಸುಮಾರು ಹನ್ನೆರಡು ನಿಮಿಷಕ್ಕೆ, ಚಿತ್ರೀಕರಣ ನಿಲ್ಲುತ್ತಿತ್ತು. ಮುಂದಿನ ಮಾದರಿಗಳಲ್ಲಿ ಆ ಗಡಿ 29 ನಿಮಿಷ 59 ಸೆಕೆಂಡಿಗೆ ಬಂದು ನಿಂತಿತು.

ಈ 29 ನಿಮಿಷ 59 ಸೆಕೆಂಡು ಎಲ್ಲಿಂದ ಬಂತೆಂದು ಗೊತ್ತಾದಾಗ ನನಗೆ ಸಿಟ್ಟು ಬಂತು. ಅರ್ಧ ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಡದೆ ಚಿತ್ರೀಕರಿಸುವ ಕ್ಯಾಮೆರಾವನ್ನು ಯುರೋಪಿನ ಒಕ್ಕೂಟ ಸುಂಕದ ಲೆಕ್ಕಕ್ಕೆ ವಿಡಿಯೋ ಕ್ಯಾಮೆರಾ ಎಂದೇ ಎಣಿಸಿ ಹೆಚ್ಚು ಸುಂಕ ಹಾಕುತ್ತಿತ್ತು. ಆ ಸುಂಕ ತಪ್ಪಿಸಲು ತಯಾರಕರು ಒಂದು ಸೆಕೆಂಡು ಮೊದಲೇ ನಿಲ್ಲುವಂತೆ ಕ್ಯಾಮೆರಾವನ್ನು ಕಟ್ಟಿದರು. ಯುರೋಪಿನ ಬಂದರಿನ ಸುಂಕದ ಪಟ್ಟಿಯೊಂದು ಚಳ್ಳಕೆರೆಯ ಬಯಲಾಟದ ಭಾಗವತನ ಪದವನ್ನು ನಡುವೆ ಕತ್ತರಿಸುತ್ತಿತ್ತು. ಈ ಮಿತಿಯ ಹಿಂದೆ ಕಲೆಯ ವಿಚಾರವೂ ಇರಲಿಲ್ಲ, ನಮ್ಮ ಅಗತ್ಯದ ವಿಚಾರವಂತೂ ಇರಲೇ ಇಲ್ಲ. ಆದರೂ ‘ಡಿಎಸ್‌ಎಲ್‌ಆರ್ ಅಂದ್ರೆ ಹಾಗೇನೇ’ ಎಂದು ನಮ್ಮ ಹುಡುಗರು ಒಪ್ಪಿಕೊಂಡು, ತುಣುಕು ತುಣುಕಾಗಿ ಶೂಟ್ ಮಾಡುವುದನ್ನೇ ಕಸುಬು ಎಂದುಕೊಂಡರು. ಕ್ಯಾಮ್‌ಕಾರ್ಡರ್ ದೊಡ್ಡ ಬ್ಯಾಟರಿ ಹಾಕಿಕೊಂಡು, ಟೇಪು ಮುಗಿಯುವವರೆಗೆ ಇಲ್ಲವೇ ಕಾರ್ಡು ತುಂಬುವವರೆಗೆ, ಸ್ಟ್ಯಾಂಡಿನ ಮೇಲೆ ಸುಮ್ಮನೆ ಓಡುತ್ತದೆ. ಬಯಲಾಟಕ್ಕೆ ಬೇಕಾದದ್ದು ಆ ತಾಳ್ಮೆ.

ಧ್ವನಿಯ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಡಿ90 ಧ್ವನಿಯನ್ನು ಒಂದೇ ಚಾನೆಲ್‌ನಲ್ಲಿ ಹಿಡಿಯುತ್ತಿತ್ತು. 5ಡಿ ಮಾರ್ಕ್ 2ರಲ್ಲಿ ಧ್ವನಿಯ ಮಟ್ಟವನ್ನು ಕೈಯಿಂದ ಹೊಂದಿಸುವ ಸೌಲಭ್ಯ ಬಂದದ್ದೇ 2010ರಲ್ಲಿ. ಅಲ್ಲಿಯವರೆಗೆ ಕ್ಯಾಮೆರಾ ತಾನೇ ನಿರ್ಧರಿಸುತ್ತಿತ್ತು: ಮದ್ದಳೆ ಜೋರಾದರೆ ಎಲ್ಲವನ್ನೂ ಅದುಮುವುದು, ಪಾತ್ರಧಾರಿ ಒಂದು ಕ್ಷಣ ಸುಮ್ಮನಾದರೆ ಜನರೇಟರಿನ ಗುರುಗುಟ್ಟುವಿಕೆಯನ್ನು ಮೇಲೆತ್ತುವುದು. ವೃತ್ತಿಯ ಕ್ಯಾಮ್‌ಕಾರ್ಡರ್‌ಗಳಲ್ಲಿ ಮೈಕಿನ ದಪ್ಪ ಕೇಬಲ್ ನೇರವಾಗಿ ಸಿಕ್ಕಿಸುವ ಎರಡು ಕಿಂಡಿಗಳು, ಪಕ್ಕದಲ್ಲೇ ತಿರುಗಿಸುವ ಎರಡು ಗುಂಡಿಗಳು ಇರುತ್ತವೆ. ಒಂದು ಮೈಕು ಭಾಗವತನ ಮುಂದೆ, ಇನ್ನೊಂದು ರಂಗದ ಮೇಲೆ ಇಟ್ಟರೆ ಆಯಿತು.

ಧ್ವನಿಗೆ ಇಷ್ಟು ಮಹತ್ವ ಯಾಕೆಂದರೆ ಈ ಸೀಮೆಯ ದೊಡ್ಡ ಸಂಪತ್ತು ಕಿವಿಯದ್ದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದ ಕಾಡುಗೊಲ್ಲ ಹೆಣ್ಣುಮಗಳು, ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಕೃಷ್ಣಮೂರ್ತಿ ಹನೂರು ಅವರ ‘ಸಾವಿರದ ಸಿರಿಬೆಳಗು’ ಆ ಹಾಡುಗಳನ್ನು ಪುಸ್ತಕಕ್ಕೆ ತಂದಿತು. ಪುಸ್ತಕದಲ್ಲಿ ಪದ ಉಳಿಯುತ್ತದೆ. ಹಾಡುವವಳು ಎಲ್ಲಿ ಉಸಿರು ತೆಗೆದುಕೊಂಡಳು, ಜೊತೆಯ ಹೆಂಗಸು ಸೊಲ್ಲನ್ನು ಎಲ್ಲಿ ಹಿಡಿದಳು, ಮರೆತ ಸಾಲು ಯಾವ ಸಾಲಿನ ಬಾಲ ಹಿಡಿದು ನೆನಪಿಗೆ ಬಂತು, ಇವು ಉಳಿಯಬೇಕಾದರೆ ನಡುವೆ ಎಲ್ಲೂ ಕತ್ತರಿಸದ ಚಿತ್ರ ಬೇಕು. ಕಾಡುಗೊಲ್ಲರ ದೈವ ಜುಂಜಪ್ಪನ ಕಥೆ ಹೇಳುವವರು ನಡುನಡುವೆ ಗಣೆ ಊದುತ್ತಾರೆ. ಉದ್ದನೆಯ ಆ ಬಿದಿರ ಕೊಳಲಿನ ತಗ್ಗು ದನಿಯನ್ನು ಫೋಟೋ ಕ್ಯಾಮೆರಾದ ಸಣ್ಣ ಮೈಕು ಹಿಡಿಯಲಾರದು, ಆಟೋ ಫೋಕಸ್ ಮೋಟಾರಿನ ಕಿರಿಕಿರಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ.

ಇಂದು ಯಾವುದೋ ಹಟ್ಟಿಯಲ್ಲಿ ಅಂಥ ಇನ್ನೊಬ್ಬ ಅಜ್ಜಿ ಸಿಕ್ಕರು ಎಂದಿಟ್ಟುಕೊಳ್ಳೋಣ. ಕಾಲೇಜಿನ ಹುಡುಗರು ಪ್ರೀತಿಯಿಂದಲೇ ಕ್ಯಾಮೆರಾ ಹಿಡಿದು ಹೋಗುತ್ತಾರೆ. ಮುಖದ ಸುಕ್ಕು, ಕೈಬಳೆ, ಒಲೆಯ ಹೊಗೆ, ಬಾಗಿಲಲ್ಲಿ ನಿಂತ ಕುರಿಮರಿ, ಎಲ್ಲವನ್ನೂ ನಿಧಾನಗತಿಯಲ್ಲಿ ತೆಗೆದು, ಕೆಳಗೆ ಪಿಟೀಲು ಹಾಕಿ ಮೂರು ನಿಮಿಷದ ಚಿತ್ರ ಮಾಡುತ್ತಾರೆ. ನೋಡಿದವರ ಕಣ್ಣು ತೇವವಾಗುತ್ತದೆ. ಅಜ್ಜಿಯ ಹಾಡು ಮಾತ್ರ ಎರಡು ಸಾಲು. ನಲವತ್ತು ನಿಮಿಷದ ಕಥನಗೀತವನ್ನು ಪೂರ್ತಿ ಹಿಡಿಯುವ ಆಸೆಯೇ ಆ ಹುಡುಗರಿಗೆ ಬಾರದಂತೆ ಮಾಡಿದ್ದು ಅವರ ಕೈಯಲ್ಲಿದ್ದ ಉಪಕರಣದ ಆಕರ್ಷಣೆ. ಇದು ನನ್ನನ್ನು ತುಂಬ ಕಾಡುತ್ತದೆ, ಯಾಕೆಂದರೆ ಅವರ ಶ್ರದ್ಧೆಯಲ್ಲಿ ಕೊರತೆಯಿಲ್ಲ.

ದೂರದ ಪ್ರಶ್ನೆಯೂ ಇದೆ. ಚನ್ನಮ್ಮನಾಗತಿಹಳ್ಳಿ ಬಳಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ಮುಳ್ಳುಗಿಡಗಳನ್ನು ಒಟ್ಟಿ ಗುಡಿ ಕಟ್ಟುತ್ತಾರೆ. ಕಾಡುಗೊಲ್ಲರ ಹರೆಯದವರು ಬರಿಗಾಲಲ್ಲಿ ಆ ಮುಳ್ಳನ್ನು ಏರಿ ಕಳಸ ಕೀಳುತ್ತಾರೆ. ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವ, ಇನ್ನೊಮ್ಮೆ ಮಾಡಿ ಎಂದು ಕೇಳಲಾಗದ ಕ್ರಿಯೆ ಅದು. ಕಾಡುಗೊಲ್ಲರಲ್ಲಿ ಮಡಿ, ಮೈಲಿಗೆ, ಕಟ್ಟುಪಾಡುಗಳು ಬಿಗಿ. ಹೊರಗಿನವನು ಹೊರಗೇ ನಿಲ್ಲಬೇಕು. ಕ್ಯಾಮ್‌ಕಾರ್ಡರ್‌ನ ಹನ್ನೆರಡು ಪಟ್ಟು ಜೂಮ್ ಗೆರೆಯಾಚೆ ನಿಂತೇ, ಬೆರಳ ತುದಿಯಲ್ಲಿ, ಎಲ್ಲೂ ಜಗ್ಗದೆ ಮೇಲೇರುವವನ ಪಾದದವರೆಗೆ ಹೋಗಿ ಬರುತ್ತದೆ. ಸಣ್ಣ ಸೆನ್ಸರಿನಲ್ಲಿ ಮುಂದಿನದು, ಹಿಂದಿನದು ಎರಡೂ ಸ್ಪಷ್ಟವಾಗಿ ಕಾಣುವುದರಿಂದ ಏರುವವನ ಜೊತೆ ನೋಡುವ ಜನರೂ ಚಿತ್ರದಲ್ಲಿ ಉಳಿಯುತ್ತಾರೆ. 50 ಮಿಲಿಮೀಟರ್ ಲೆನ್ಸಿನವನು ಅದೇ ದೃಶ್ಯಕ್ಕಾಗಿ ಒಳಗೆ ನುಗ್ಗಬೇಕು, ಒಂದು ಮುಖಕ್ಕೆ ಫೋಕಸ್ ಹಿಡಿಯಬೇಕು, ಆ ಮುಖ ಒಂದಡಿ ಸರಿದರೆ ಮತ್ತೆ ಹುಡುಕಬೇಕು. ಜಾತ್ರೆಗಳಲ್ಲಿ ದೇವರಿಗೂ ಭಕ್ತರಿಗೂ ನಡುವೆ ಕ್ಯಾಮೆರಾ ಹಿಡಿದವರ ಬೆನ್ನುಗಳೇ ಕಾಣುತ್ತಿರುವುದಕ್ಕೆ ಇಂಥ ಲೆನ್ಸುಗಳೂ ಒಂದು ಕಾರಣ. ಮದುವೆಯಲ್ಲೂ ಅಷ್ಟೆ. ‘ಅಣ್ಣಾ, ತಾಳಿ ಇನ್ನೊಂದ್ಸಲ ಹಿಡೀರಿ, ಅಕ್ಕಾ, ಈ ಕಡಿ ನೋಡ್ರಿ’ ಎಂಬ ಅಪ್ಪಣೆ ಹಳೆಯ ವಿಡಿಯೋದವರ ಬಾಯಲ್ಲೂ ಇತ್ತು, ಒಪ್ಪುತ್ತೇನೆ. ಈಗ ಅದು ಶಾಸ್ತ್ರದ ಒಂದು ಅಂಗವೇ ಆಗಿದೆ.

ಫಾಲ್ಗುಣದ ಬಿಸಿಲಿನಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರನ್ನು ಚಿತ್ರೀಕರಿಸಿದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೋ ಶುರುವಾದೊಡನೆ ಒಳಗಿನ ಕನ್ನಡಿ ಮೇಲೇಳುತ್ತದೆ, ಕಣ್ಣಿಟ್ಟು ನೋಡುವ ಕಿಂಡಿ ಕತ್ತಲಾಗುತ್ತದೆ. ಹಿಂದಿನ ಪರದೆಯನ್ನೇ ನಂಬಬೇಕು, ನೆತ್ತಿಯ ಸೂರ್ಯನಿಗೆ ಆ ಪರದೆಯಲ್ಲಿ ಕಾಣುವುದು ನಮ್ಮದೇ ಮುಖ. ಹರಕೆಯ ಕೊಬ್ಬರಿ ಸುಡುವ ಹೊಗೆ, ಸಾವಿರಾರು ಕಾಲುಗಳು ಎಬ್ಬಿಸಿದ ಧೂಳು, ಅದರ ನಡುವೆ ಲೆನ್ಸು ಬದಲಾಯಿಸಿದರೆ ಸೆನ್ಸರಿಗೆ ಮಣ್ಣು. ಬಿಸಿಲನ್ನು ತಗ್ಗಿಸುವ ಗಾಜು ಕ್ಯಾಮ್‌ಕಾರ್ಡರ್‌ನ ಒಳಗೇ ಇರುತ್ತದೆ, ಡಿಎಸ್‌ಎಲ್‌ಆರ್‌ಗೆ ಅದನ್ನು ಬೇರೆ ಕೊಂಡು ತಿರುಪಿ ಹಾಕಬೇಕು. ಹೊಂದಿಸುವಷ್ಟರಲ್ಲಿ ಮುಕ್ತಿ ಬಾವುಟದ ಹರಾಜು ಮುಗಿದು ತೇರು ಕದಲಿರುತ್ತದೆ.

ಎದುರಾಳಿಯ ವಾದ ನನಗೆ ಗೊತ್ತು. ಡಿಎಸ್‌ಎಲ್‌ಆರ್ ಕಾಲವೇ ಮುಗಿಯುತ್ತಾ ಬಂದಿದೆ. ತನ್ನ 1ಡಿ ಎಕ್ಸ್ ಮಾರ್ಕ್ 3ರ ನಂತರ ಆ ಮಟ್ಟದ ಡಿಎಸ್‌ಎಲ್‌ಆರ್ ಬರುವುದಿಲ್ಲವೆಂದು ಕ್ಯಾನನ್‌ನ ಮುಖ್ಯಸ್ಥರು 2021ರ ಕೊನೆಯಲ್ಲೇ ಹೇಳಿದರು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಬಂದಿವೆ, ಅವುಗಳಲ್ಲಿ ಅರ್ಧ ಗಂಟೆಯ ಗಡಿ ಬಹುತೇಕ ಹೋಗಿದೆ, ಫೋಕಸ್ ಕಣ್ಣನ್ನೇ ಹಿಂಬಾಲಿಸುತ್ತದೆ. ನಿಜ. ಆದರೆ ಗಡಿ ಹೋದರೂ ಅದು ಕಲಿಸಿದ ಅಭ್ಯಾಸ ಹೋಗಿಲ್ಲ. ಗಂಟೆಗಟ್ಟಲೆ ಓಡಬಲ್ಲ ಹೊಸ ಕ್ಯಾಮೆರಾವನ್ನು ಗಿಂಬಲ್ ಮೇಲಿಟ್ಟು ಇಂದಿಗೂ ಎಂಟು ಸೆಕೆಂಡಿನ ತುಣುಕುಗಳನ್ನೇ ತೆಗೆಯುತ್ತಿದ್ದೇವೆ. ಆದ್ದರಿಂದ ಕೈಯಲ್ಲಿರುವುದನ್ನು ಮಾರಿ ಹಳೆಯದನ್ನು ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಯಾವ ಕ್ಯಾಮೆರಾ ಇದ್ದರೂ ಒಂದನ್ನು ಸ್ಟ್ಯಾಂಡಿನ ಮೇಲಿಟ್ಟು ನಿಲ್ಲಿಸದೆ ಓಡಿಸಿ, ಹಾಡುವವರ ಹತ್ತಿರ ಬೇರೆ ಮೈಕಿಡಿ ಎನ್ನುತ್ತಿದ್ದೇನೆ.

ಮದುವೆಯ ಪ್ಯಾಕೇಜುಗಳಲ್ಲಿ ಈಗ ‘ಟ್ರೆಡಿಷನಲ್’ ವಿಡಿಯೋಗೆ ಒಬ್ಬ, ‘ಸಿನಿಮ್ಯಾಟಿಕ್’ ವಿಡಿಯೋಗೆ ಒಬ್ಬ ಎಂದು ಇರುತ್ತದೆ. ಕೈ ಬಿಗಿಯಾದಾಗ ಜನ ಮೊದಲು ಕಡಿಯುವುದು ಟ್ರೆಡಿಷನಲ್‌ನವನನ್ನು. ನಾನಾದರೆ ಎರಡನೆಯವನನ್ನು ಬಿಡುತ್ತೇನೆ. ಮೂರು ಗಂಟೆಯ ಟ್ರೆಡಿಷನಲ್ ವಿಡಿಯೋವನ್ನು ಯಾರು ನೋಡುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆ. ಮದುವೆಯಾದ ವರ್ಷ ಯಾರೂ ನೋಡುವುದಿಲ್ಲ. ಹತ್ತು ವರ್ಷ ಕಳೆಯಲಿ. ಹುಡುಗ ಹುಡುಗಿಯ ನಿಧಾನಗತಿಯ ನಡಿಗೆಯನ್ನು ಓಡಿಸಿ, ಮುಯ್ಯಿಯ ಸಾಲಿನಲ್ಲಿ ಟವೆಲು ಸರಿಮಾಡಿಕೊಳ್ಳುತ್ತಾ ಬಂದ ತಾತನ ಹತ್ತಿರ ಎಲ್ಲರೂ ನಿಲ್ಲಿಸುತ್ತಾರೆ. ತೀರಿಹೋದ ಅತ್ತೆ ‘ಉಂಡ್ರೇನಪ್ಪಾ’ ಎಂದು ಯಾರನ್ನೋ ಕೇಳಿದ್ದು ಕೇಳಿಸಲಿ ಎಂದು ಶಬ್ದ ಹೆಚ್ಚಿಸುತ್ತಾರೆ. ಅದನ್ನು ಹಿಡಿದವನು ಬೇಸರಪಡದೆ ಮೂಲೆಯಲ್ಲಿ ಎರಡು ಗಂಟೆ ನಿಂತಿದ್ದ ವಿಡಿಯೋದವನು. ಚಿತ್ರ ಅಷ್ಟೇನೂ ಚೆಂದವಿರಲಿಲ್ಲ, ಮಿಕ್ಸಿಂಗ್‌ನಲ್ಲಿ ಹಾಕಿದ ಹೃದಯದ ಚೌಕಟ್ಟುಗಳು ಕಣ್ಣಿಗೆ ಚುಚ್ಚುತ್ತಿದ್ದವು. ಆದರೂ ಜನ ಅಲ್ಲಿದ್ದಾರೆ, ಅವರ ದನಿಯಿದೆ.

ಬಯಲಾಟ, ಪರಿಷೆ, ಕಥನಗೀತಗಳ ಪೂರ್ತಿ ಚಿತ್ರಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೋ ಒಂದು ಪ್ರತಿ ಕೊಡುವ ರೂಢಿ ನಮ್ಮ ತಾಲ್ಲೂಕುಗಳಲ್ಲಿ ಬೆಳೆಯಬೇಕು. ಕಾರ್ಡಿನಲ್ಲಿ ತೆಗೆದದ್ದು ಮುಂದಿನ ಮದುವೆಗೆ ಕಾರ್ಡು ಖಾಲಿ ಮಾಡುವಾಗ ಅಳಿಯುತ್ತದೆ. ಟೇಪಿನ ಕಾಲದಲ್ಲೂ ಹಳೆಯ ಕ್ಯಾಸೆಟ್ಟಿನ ಮೇಲೆ ಹೊಸದನ್ನು ತೆಗೆದವರಿದ್ದರು, ಆದರೂ ಟ್ರಂಕಿನಲ್ಲಿ ಎಷ್ಟೋ ಉಳಿದಿವೆ. ಚಳ್ಳಕೆರೆ, ಮೊಳಕಾಲ್ಮೂರು, ರಾಂಪುರ, ನಾಯಕನಹಟ್ಟಿಯ ಸ್ಟುಡಿಯೋಗಳಲ್ಲಿ ಕೆಲಸಕ್ಕೆ ಬಾರದ್ದೆಂದು ಅಟ್ಟಕ್ಕೇರಿಸಿದ ಕ್ಯಾಮ್‌ಕಾರ್ಡರ್‌ಗಳನ್ನು ಗುಜರಿಗೆ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮಿನಿ ಡಿವಿ ಕ್ಯಾಸೆಟ್ಟುಗಳನ್ನು ಓಡಿಸಬಲ್ಲ ಯಂತ್ರಗಳಾಗಿ ಈಗ ನಮಗೆ ಉಳಿದಿರುವುದು ಹೆಚ್ಚಾಗಿ ಅವೇ. ಫೈರ್‌ವೈರ್ ಕೇಬಲ್ ಸಿಕ್ಕಿಸಿ ಕಂಪ್ಯೂಟರಿಗೆ ಇಳಿಸಿದರೆ ಒಂದು ಗಂಟೆಯ ಟೇಪು ಸುಮಾರು 13 ಜಿಬಿ ಜಾಗ ಹಿಡಿಯುತ್ತದೆ, ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ. ಇಳಿಸಲು ಅಡ್ಡದಾರಿಯಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಟೇಪಿಗೆ ಬೂಷ್ಟು ಹಿಡಿದು ಯಂತ್ರದ ಹೆಡ್ಡು ಸವೆಯುವುದರೊಳಗೆ ಆ ಗಂಟೆಯನ್ನು ಕೊಡಬೇಕು.